ಎದುರುಬದಿಯ ತಂತಿ

ಮಡಿಸಿದ ಕಾಗದ ಜೇಬಿನಲ್ಲಿತ್ತು. ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದ ಐಲಿ ನೇರವಾಗಿ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಹೋಗದೆ ಕಾಫಿ ಮೂಲೆಯ ನಲ್ಲಿಯ ಮುಂದೆ ನಿಂತು ಆಗಲೇ ಎರಡು ಸಲ ತೊಳೆದಿದ್ದ ಲೋಟವನ್ನು ಮತ್ತೆ ತೊಳೆಯುತ್ತಿದ್ದಳು. ಪಕ್ಕದ ಮೇಜಿನ ಮೇಲೆ ತಟ್ಟೆಯಲ್ಲಿ ಸಕ್ಕರೆ ಪೈ, ಅದರ ಮೇಲೆ ಒಂದು ಚೀಟಿ: ‘ಇದು ಐಲಿಯ ಪಾಲು. ಡ್ವೇನ್ ಮುಟ್ಟಿದರೆ ಕೈ ಮುರಿಯುತ್ತೇನೆ.’ ದುಂಡಗಿನ ಅಕ್ಷರ, ಐಲಿಯ ವಿದ್ಯಾರ್ಥಿನಿ ನೊಯೆಮಿಯದು. ಅವಳ ಅಜ್ಜಿ ಉತ್ತರದ ಕಾಡಿನೂರಿನಿಂದ ಬಸ್ಸಿನಲ್ಲಿ ಕಳಿಸಿಕೊಟ್ಟದ್ದು. ಐಲಿಗೆ ಅದನ್ನು ತಿನ್ನಲೂ ಆಗಲಿಲ್ಲ, ಹಾಗೇ ಬಿಟ್ಟುಹೋಗಲೂ ಆಗಲಿಲ್ಲ. ಬಿಟ್ಟರೆ ಹುಡುಗಿ ಬಂದು ನೋಡಿ, ಏನಾಯಿತು, ಮೈ ಸರಿಯಿಲ್ಲವೇ ಎಂದು ಕೇಳುತ್ತಾಳೆ. ಅರವತ್ತೊಂದು ವರ್ಷದ ಹೆಂಗಸು ಒಂದು ತುಂಡು ಪೈಗೆ ಹೆದರಿ ನಿಂತಿದ್ದೇನಲ್ಲ ಎಂದು ನಗು ಬರಬೇಕಿತ್ತು, ಬರಲಿಲ್ಲ. ಕಿಟಕಿಯಾಚೆ ಮಾರ್ಚಿನ ಕೊಳಕು ಹಿಮ, ಅದರಾಚೆ ಕರಿಬಂಡೆ, ಅದರಾಚೆ ಅಪ್ಪ ಮೂವತ್ತೊಂದು ವರ್ಷ ದುಡಿದ ನಿಕ್ಕಲ್ ಕರಗಿಸುವ ಕಾರ್ಖಾನೆಯ ಚಿಮಣಿ. ಬಿಸಿನೀರು ಕೈಸುಡುತ್ತಿದೆ ಎಂದು ಗೊತ್ತಾಗಿ ನಲ್ಲಿ ನಿಲ್ಲಿಸಿದಳು.

ನೀರನ್ನು ಒಡೆದು ಜಲಜನಕ ತೆಗೆಯುವುದು ಹೊಸ ವಿದ್ಯೆಯೇನಲ್ಲ. ನೀರಿಗೆ ಚೂರು ಆಮ್ಲ ಹಾಕಿ, ಎರಡು ಕಡ್ಡಿ ಇಳಿಬಿಟ್ಟು ವಿದ್ಯುತ್ ಹರಿಸಿದರೆ ಒಂದು ಬದಿಯಲ್ಲಿ ಜಲಜನಕದ ಗುಳ್ಳೆ ಏಳುತ್ತದೆ, ಎದುರುಬದಿಯಲ್ಲಿ ಆಮ್ಲಜನಕದ್ದು. ಶಾಲೆಯ ಮಕ್ಕಳೂ ಮಾಡುತ್ತಾರೆ. ಜಲಜನಕದ ಕಡೆ ಇರುವುದು ಪ್ಲಾಟಿನಂ ಆದರೆ ನೀರು ಹೇಳಿದ ಮಾತು ಕೇಳುತ್ತದೆ. ಬೇರೆ ಅಗ್ಗದ ಲೋಹವಾದರೆ ಹಟ ಹಿಡಿಯುತ್ತದೆ, ಹೆಚ್ಚು ನೂಕಬೇಕು. ಎಷ್ಟು ಹೆಚ್ಚು ನೂಕಬೇಕಾಯಿತು ಎನ್ನುವುದನ್ನು ಮಿಲಿವೋಲ್ಟಿನಲ್ಲಿ ಅಳೆಯುತ್ತಾರೆ. ಆ ಅಂಕಿ ಕಡಿಮೆಯಾದಷ್ಟೂ ಮೇಲು. ಐಲಿಯ ಇಪ್ಪತ್ತಾರು ವರ್ಷ ಆ ಅಂಕಿಯನ್ನು ಇಳಿಸುವುದರಲ್ಲಿ ಕಳೆದಿತ್ತು, ಅದೂ ಪ್ಲಾಟಿನಂ ಇಲ್ಲದೆ, ತನ್ನ ಊರಿನ ನೆಲದಲ್ಲಿ ಸಿಗುವ ನಿಕ್ಕಲ್‌ನಿಂದ. ಇನ್ನೂರಕ್ಕಿಂತ ಕೆಳಗೆ ಅದು ಇಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ನೊಯೆಮಿಯ ಕೈಯಲ್ಲಿ ಇಳಿಯಿತು. ಮೊದಲು ನೂರೈವತ್ತು, ಆಮೇಲೆ ತೊಂಬತ್ತು, ಕೊನೆಗೆ ಮೂವತ್ತೆಂಟು. ಸಾಮಾನ್ಯವಾಗಿ ಇಂಥ ವಸ್ತು ದಿನ ಕಳೆದಂತೆ ಸೋಲುತ್ತದೆ. ಇದು ದಿನದಿಂದ ದಿನಕ್ಕೆ ಗೆಲ್ಲುತ್ತಿತ್ತು. ಹೊಸ ಕಾವಲಿ ಹದಕ್ಕೆ ಬರುವಂತೆ ನಮ್ಮ ನಿಕ್ಕಲ್ ಹದಕ್ಕೆ ಬರುತ್ತಿದೆ ಎಂದು ಐಲಿಯೇ ಹೇಳಿದ್ದಳು, ಲೇಖನದಲ್ಲಿ ಆ ಹದದ ಬಗ್ಗೆ ಒಂದು ಪುಟ ಬರೆದಿದ್ದಳು. ನಾಳಿನ ಶುಕ್ರವಾರ ಬಿಟ್ಟು ಬರುವ ಶುಕ್ರವಾರ ನೊಯೆಮಿ ಅದೇ ಕೆಲಸವನ್ನು ಪರೀಕ್ಷಕರ ಮುಂದಿಟ್ಟು ಡಾಕ್ಟರೇಟ್ ಪಡೆಯಬೇಕು. ಮೇ ತಿಂಗಳಲ್ಲಿ ಮಾಂಟ್ರಿಯಲ್ ಹತ್ತಿರ ಕೆಲಸ ಕಾದಿದೆ.

ಸೋಮವಾರ ಪೋರ್ಚುಗಲ್ಲಿನ ಒಂದು ಸಣ್ಣ ಪ್ರಯೋಗಾಲಯದಿಂದ ಪತ್ರ ಬಂತು. ತುಂಬ ಸಂಕೋಚದ ಪತ್ರ. ನಮ್ಮಿಂದಲೇ ಏನೋ ತಪ್ಪಾಗುತ್ತಿರಬೇಕು, ನೀವು ಬರೆದ ಹಾಗೇ ಐದು ಸಲ ಮಾಡಿದೆವು, ನಮ್ಮ ನಿಕ್ಕಲ್ ಇನ್ನೂರರ ಆಸುಪಾಸಿನಲ್ಲೇ ನಿಂತಿದೆ, ಏನು ಮಾಡಬೇಕು ದಯವಿಟ್ಟು ತಿಳಿಸಿ ಎಂದಿತ್ತು. ಓದಿ ಮುಗಿಸುವಷ್ಟರಲ್ಲಿ ಐಲಿಯ ಮನಸ್ಸು ಮಾಡಿದ ಕೆಲಸ ಇದು: ಹುಡುಗಿ ಏನೋ ಬೆರೆಸಿದ್ದಾಳೆ ಎಂದುಕೊಂಡಿತು. ಯೋಚಿಸಿ ಬಂದದ್ದಲ್ಲ, ಬಾಗಿಲು ತಟ್ಟದೆ ಒಳಗೆ ನುಗ್ಗಿದ್ದು. ಆಮೇಲೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿಯೇ. ಎಲ್ಲರಿಗಿಂತ ಮೊದಲು ಬರುತ್ತಾಳೆ, ಯಾಕೆ? ಭಾನುವಾರ ಒಬ್ಬಳೇ ಕೆಲಸ ಮಾಡುತ್ತಾಳೆ, ಯಾಕೆ? ತನ್ನ ಡ್ರಾಯರಿಗೆ ಬೀಗ ಹಾಕುತ್ತಾಳೆ. ಇಡೀ ಪ್ರಯೋಗಾಲಯದಲ್ಲಿ ಬೀಗ ಹಾಕುವವಳು ಅವಳೊಬ್ಬಳೇ. ಅನುಮಾನ ಹುಟ್ಟಿದ ಮೇಲೆ ಮನುಷ್ಯರ ಒಳ್ಳೆಯ ಗುಣಗಳೇ ಮೊದಲು ಅವರ ವಿರುದ್ಧ ನಿಲ್ಲುತ್ತವೆ. ಅಂದು ಸಂಜೆ, ನೊಯೆಮಿ ಬಸ್ಸಿಗೆ ಹೋದಮೇಲೆ, ಐಲಿ ತನ್ನದೇ ಪ್ರಯೋಗಾಲಯಕ್ಕೆ ಕಳ್ಳಿಯ ಹಾಗೆ ಹೋಗಿ, ಬಳಸಿಟ್ಟ ನಿಕ್ಕಲ್ ಚೂರುಗಳಲ್ಲಿ ಒಂದನ್ನು ಲಕೋಟೆಯಲ್ಲಿ ಹಾಕಿಕೊಂಡು ನೆಲಮಾಳಿಗೆಯ ಡ್ವೇನ್‌ಗೆ ಕೊಟ್ಟು ಬಂದಿದ್ದಳು. ಯಾರಿಗೂ ಹೇಳಬೇಡ ಎಂದಿದ್ದಳು. ಮಂಗಳವಾರ ನೊಯೆಮಿ ಪರೀಕ್ಷೆಯ ಭಾಷಣವನ್ನು ಅವಳ ಮುಂದೆ ಒಪ್ಪಿಸಿದಳು. ಐಲಿ ಕೇಳಿ, ಚೆನ್ನಾಗಿದೆ, ಮೂರನೆಯ ಚಿತ್ರದ ಹತ್ತಿರ ಸ್ವಲ್ಪ ನಿಧಾನಿಸು ಎಂದಳು. ಹೇಳುವಾಗ ಹುಡುಗಿಯ ಕೈಗಳನ್ನೇ ನೋಡುತ್ತಿದ್ದಳು. ಆಮ್ಲ ತಾಗಿ ಸಿಪ್ಪೆ ಎದ್ದ ಬೆರಳುಗಳು. ಯಾವ ಬೆರಳು ಅದನ್ನು ಮಾಡಿರಬಹುದು ಎಂದು ಯೋಚಿಸಿದ್ದಳು. ಅದು ನೆನಪಾಗಿ ಈಗ ಐಲಿಗೆ ನಿಂತಲ್ಲೇ ಮುಖ ಬಿಸಿಯಾಯಿತು.

ಇವತ್ತು ಬೆಳಿಗ್ಗೆ ಡ್ವೇನ್ ಕರೆದಿದ್ದ. ಯಾವ ಲೋಹ ಎಲ್ಲಿ ಎಷ್ಟಿದೆ ಎಂದು ಹೇಳುವ ಯಂತ್ರದ ಜೊತೆ ಇಪ್ಪತ್ತು ವರ್ಷದಿಂದ ಅಲ್ಲೇ ಇರುವವನು, ಮ್ಯಾನಿಟೂಲಿನ್ ದ್ವೀಪದವನು, ಬೇಸಿಗೆ ಬಂದರೆ ಮೀನು ಹಿಡಿಯಲು ಊರಿಗೆ ಓಡುವವನು.

“ಬಾ ಪ್ರೊಫೆಸರಮ್ಮ. ನಿನ್ನ ನಿಕ್ಕಲ್ಲು ಒಡವೆ ಹಾಕ್ಕೊಂಡು ಮದುವೆಗೆ ಹೊರಟಿದೆ ನೋಡು.”

“ಸರಿಯಾಗಿ ಹೇಳೋ.”

“ಪ್ಲಾಟಿನಂ ಕಣೇ. ಚೂರೇ ಚೂರು. ಆದ್ರೆ ನಿಮ್ಮ ಆಟಕ್ಕೆ ಚೂರೇ ಸಾಕಲ್ಲ?”

“ಹಾಗಾದ್ರೆ ಬೆರೆಸಿದಾಳೆ,” ಎಂದುಬಿಟ್ಟಳು ಐಲಿ.

ಡ್ವೇನ್ ಕನ್ನಡಕವನ್ನು ಹಣೆಗೆ ಏರಿಸಿ ಅವಳನ್ನು ನೋಡಿದ. ಅವನು ಸಿಟ್ಟಾದದ್ದನ್ನು ಅವಳು ಇಪ್ಪತ್ತು ವರ್ಷದಲ್ಲಿ ಎರಡು ಸಲ ಕಂಡಿದ್ದಳು; ಇದು ಮೂರನೆಯದು.

“ಯಾರು? ಆ ಹುಡುಗೀನಾ? ನನ್ನ ಹುಟ್ಟುಹಬ್ಬ ನನ್ನ ಹೆಂಡ್ತಿಗೆ ಮರೆತುಹೋದ್ರೂ ಅವಳಿಗೆ ಮರೆಯಲ್ಲ. ಅವಳಾ ಬೆರೆಸೋದು? ಇಲ್ಲಿ ನೋಡು. ಬೆರೆಸಿದ್ರೆ ಒಳಗೂ ಇರ್ಬೇಕಿತ್ತು. ಒಳಗೆ ಬರೀ ನಿಕ್ಕಲ್, ನೀವು ಹಾಕೋ ಮೊಲಿಬ್ಡಿನಂ, ಅಷ್ಟೇ. ಇದು ಮೇಲೆ ಮಾತ್ರ ಕೂತಿದೆ, ಧೂಳು ಕೂತ ಹಾಗೆ. ಅದೂ ಒಂದು ಮಗ್ಗುಲಲ್ಲಿ ದಪ್ಪ. ಎದುರಿಂದ ಬಂದಿದೆ ಇದು. ಎದುರುಬದೀಲಿ ಏನಿಟ್ಟಿದೀರಿ?”

“ಗ್ರಾಫೈಟ್ ಕಡ್ಡಿ. ಯಾವಾಗ್ಲೂ ಅದೇ.”

“ಹೋಗಿ ಕಣ್ಣಾರೆ ನೋಡಿದೀಯಾ?”

ನೋಡುವುದೇನು, ಲೇಖನದಲ್ಲೇ ಇದೆ ಎಂದು ಹೇಳಲು ಬಾಯಿ ತೆರೆದಳು. ಲೇಖನದಲ್ಲಿದ್ದ ಆ ಸಾಲನ್ನು ಬರೆದವಳು ತಾನೇ, ಹಳೆಯ ಲೇಖನದಿಂದ ಹಾಗೇ ಎತ್ತಿ ಇಟ್ಟದ್ದು, ಪ್ರತಿ ಸಲ ಅದೇ ಸಾಲು. ಬಾಯಿ ತೆರೆದಿರುವಾಗಲೇ ಎರಡು ವರ್ಷದ ಹಿಂದಿನ ಒಂದು ಶುಕ್ರವಾರ ಅವಳ ಮುಂದೆ ಬಂದು ನಿಂತಿತು. ಬಾಗಿಲಲ್ಲಿ ನೊಯೆಮಿ, ಅಂಗೈಯಲ್ಲಿ ಮುರಿದ ಗ್ರಾಫೈಟ್ ಕಡ್ಡಿಯ ಎರಡು ತುಂಡು. ಸೇರಿ ನಾಲ್ಕು ತಿಂಗಳಾಗಿತ್ತು ಅಷ್ಟೇ. ದೊಡ್ಡ ಅಪರಾಧ ಮಾಡಿದವಳಂತೆ ತುಟಿ ನಡುಗುತ್ತಿತ್ತು. ಹೊಸ ಕಡ್ಡಿ ಬರಲು ವಾರವಾದರೂ ಬೇಕು. ಐಲಿ ಏನೂ ಯೋಚಿಸದೆ ತನ್ನ ಮೇಜಿನ ಡ್ರಾಯರ್ ಎಳೆದು, ಕೆಮ್ಮಿನ ಮಾತ್ರೆಯ ತಗಡಿನ ಡಬ್ಬಿ ತೆಗೆದು, ಅದರೊಳಗೆ ಹತ್ತಿಯಲ್ಲಿ ಮಲಗಿಸಿದ್ದ ಪ್ಲಾಟಿನಂ ತಂತಿಯನ್ನು ಎತ್ತಿ ಕೊಟ್ಟಿದ್ದಳು. ಅಲ್ಲಿಯವರೆಗೆ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಒಂದು ವಾರ ಇದರಲ್ಲಿ ನಡೆಸು ಎಂದಿದ್ದಳು. ಇದು ನಿಮ್ಮ ಸ್ವಂತದ್ದಾ ಎಂದು ಹುಡುಗಿ ಪಿಸುಗುಟ್ಟಿದಾಗ, ಹೌದು, ನಂಬಿಕೆ ಇರುವವರಿಗೆ ಮಾತ್ರ ಕೊಡುವುದು ಎಂದೂ ಹೇಳಿದ್ದಳು. ಎದುರುಬದಿಯ ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕರಗುತ್ತದೆ, ನೀರಿನಲ್ಲಿ ಈಜಿ ಬಂದು ಈ ಬದಿಯ ನಿಕ್ಕಲ್ ಮೇಲೆ ಕೂರುತ್ತದೆ, ಆಮೇಲೆ ಕೆಲಸ ಮಾಡುವುದು ಅದು, ಹೆಸರು ನಿಕ್ಕಲ್‌ನದು. ಆದ್ದರಿಂದ ನಮ್ಮ ಕೆಲಸದಲ್ಲಿ ಎದುರಿಗೆ ಎಂದೂ ಪ್ಲಾಟಿನಂ ಇಡಬಾರದು ಎಂದು ಪ್ರತಿ ಸೆಪ್ಟೆಂಬರಿನಲ್ಲಿ ಎರಡನೆಯ ವರ್ಷದ ಮಕ್ಕಳಿಗೆ ಪಾಠ ಹೇಳುವವಳೂ ಇವಳೇ. ಆ ಶುಕ್ರವಾರ ಪಾಠ ಮರೆತಿರಲಿಲ್ಲ. ಒಂದು ವಾರಕ್ಕೆ ಏನಾಗುತ್ತದೆ ಎಂದುಕೊಂಡಿದ್ದಳು. ಆ ಹೆದರಿದ ಮುಖಕ್ಕೆ ಏನನ್ನಾದರೂ ಕೊಡಬೇಕು ಅನ್ನಿಸಿತ್ತು, ಕೈ ಮುಂದಾಗಿತ್ತು.

ಐಲಿ ಈಗ ಕಾಫಿ ಮೂಲೆಯ ಬೆಂಚಿನಲ್ಲಿ ಕೂತಳು. ಅಷ್ಟು ದೊಡ್ಡ ವಸ್ತುವೇ ಅದು? ಹಿಡಿದರೆ ಬೆರಳಿಗೆ ಸಿಕ್ಕದಷ್ಟು ಸಣ್ಣ ತಂತಿ. ಆದರೆ ಅವಳಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ದಕ್ಷಿಣದ ದೊಡ್ಡ ಊರಿನಲ್ಲಿ ಓದುತ್ತಿದ್ದಾಗ, ಅಂಥದ್ದೇ ಒಂದು ತಂತಿ ಕಾಣೆಯಾಗಿತ್ತು. ಆರು ಜನ ವಿದ್ಯಾರ್ಥಿಗಳು. ಅವಳ ಗುರು ಆರೂ ಜನರನ್ನು ಸಾಲಾಗಿ ನೋಡಿ, ಕೊನೆಗೆ ಇವಳ ಹತ್ತಿರ ನಿಂತು, ನಗುತ್ತಲೇ, ನಿನ್ನ ಜೇಬು ಒಮ್ಮೆ ನೋಡಿಕೊಂಡುಬಿಡು ಎಂದಿದ್ದರು. ಉಳಿದವರೆಲ್ಲ ವಕೀಲರ ಮಕ್ಕಳು, ವೈದ್ಯರ ಮಕ್ಕಳು. ಗಣಿಯೂರಿನ ಫಿನ್ನಿಷ್ ಕೂಲಿಯವನ ಮಗಳು ಇವಳೊಬ್ಬಳೇ. ಎಲ್ಲರ ಮುಂದೆ ಜೇಬು ಹೊರಗೆಳೆದಳು. ಒಂದು ಬಸ್ ಚೀಟಿ, ಕರವಸ್ತ್ರದಲ್ಲಿ ಸುತ್ತಿದ್ದ ಅರ್ಧ ತುಂಡು ಏಲಕ್ಕಿ ಬ್ರೆಡ್ಡು, ಅಮ್ಮ ಮಾಡಿ ಕಳಿಸಿದ್ದು. ಬ್ರೆಡ್ಡಿನ ಪುಡಿ ನೆಲಕ್ಕೆ ಉದುರಿತು. ಯಾರೋ ಕಿಸಕ್ಕೆಂದರು. ತಂತಿ ಮಾರನೆಯ ವಾರ ಗುರುಗಳ ಡ್ರಾಯರಿನಲ್ಲೇ ಸಿಕ್ಕಿತು. ‘ಸಿಕ್ಕಿತು’ ಎಂದು ಒಂದು ಮಾತು ಹೇಳಿ ಅವರು ಕೆಲಸಕ್ಕೆ ಹೋದರು. ಮುಂದೆ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ಐಲಿ ಕೋಟು ಕೊಳ್ಳಲಿಲ್ಲ, ಬೂಟು ಕೊಳ್ಳಲಿಲ್ಲ, ಬೇಕೇ ಇಲ್ಲದ ಒಂದು ಪ್ಲಾಟಿನಂ ತಂತಿ ಕೊಂಡಳು. ಒಂದು ದಿನ ನನ್ನ ಕೈಕೆಳಗೆ ಒಬ್ಬಳು ಹುಡುಗಿ ಬರುತ್ತಾಳೆ, ಅವಳ ಜೇಬನ್ನು ನಾನು ನೋಡುವುದಿಲ್ಲ ಎಂದು ಅಂದುಕೊಂಡಿದ್ದಳೋ ಏನೋ. ಬಂದಳು. ಐಲಿ ಅವಳಿಗೆ ತಂತಿಯನ್ನೂ ಕೊಟ್ಟಳು. ಕೊಟ್ಟು ಮರೆತು, ಎರಡು ವರ್ಷ ಬಿಟ್ಟು ಅವಳ ಜೇಬನ್ನೂ ನೋಡಿದಳು.

ಇನ್ನೂ ಏನೂ ಕೆಟ್ಟಿಲ್ಲ ಎಂದು ತಲೆಯ ಒಂದು ಮೂಲೆ ಲೆಕ್ಕ ಹಾಕುತ್ತಿತ್ತು. ಒಂದು ವಾರ ಎಂದು ತಾನು ಹೇಳಿದ್ದು ನಿಜ. ಎರಡು ವರ್ಷ ಇಟ್ಟುಕೊಂಡದ್ದು ಅವಳು. ಹಾಗೆಂದು ಒಂದು ಮಾತು ಜಾರಿಸಿದರೆ ಸಾಕು, ಹುಡುಗಿ ತಪ್ಪನ್ನೆಲ್ಲ ಬಾಚಿ ತನ್ನ ತಲೆಗೆ ಹಾಕಿಕೊಳ್ಳುತ್ತಾಳೆ, ಅವಳ ಸ್ವಭಾವವೇ ಅದು. ಇಲ್ಲವೇ ಏನೂ ಹೇಳದೆ ಸುಮ್ಮನಿದ್ದರೆ? ಪೋರ್ಚುಗಲ್ಲಿನವರಿಗೆ ಇನ್ನೊಮ್ಮೆ ಪ್ರಯತ್ನಿಸಿ ಎಂದು ಬರೆದರೆ? ಮುಂದಿನ ಶುಕ್ರವಾರ ದಾಟುತ್ತದೆ, ಮೇ ತಿಂಗಳು ದಾಟುತ್ತದೆ, ಐಲಿ ಎರಡು ವರ್ಷದಲ್ಲಿ ನಿವೃತ್ತಳಾಗುತ್ತಾಳೆ. ಚಿಕ್ಕವಳಿದ್ದಾಗ ಅಪ್ಪ ಸಂಜೆ ಕಾರಿನಲ್ಲಿ ಕೂರಿಸಿಕೊಂಡು ಲೋಹ ತೆಗೆದ ಮೇಲೆ ಉಳಿದ ಕಾದ ಕಿಟ್ಟವನ್ನು ಕಾರ್ಖಾನೆಯವರು ಸುರಿಯುವುದನ್ನು ತೋರಿಸಲು ಕರೆದೊಯ್ಯುತ್ತಿದ್ದರು. ಊರಿನ ಕಾರುಗಳೆಲ್ಲ ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಗುಡ್ಡದ ಮೇಲಿಂದ ಬೆಂಕಿಯ ಹೊಳೆ ಇಳಿಯುವಾಗ ಮಕ್ಕಳೆಲ್ಲ ಹೋ ಎಂದು ಕೂಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಐಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಅಪ್ಪ ಮಾತ್ರ ಸಿಗರೇಟು ಸೇದುತ್ತ, ಕೂಗು ಕೂಗು, ಅದು ನಾವು ಎಸೆದ ಕಸ ಎನ್ನುತ್ತಿದ್ದರು. ಬೈಗುಳವಲ್ಲ, ಮಗಳು ಖುಷಿಯಾಗಿರುವುದಕ್ಕೆ ಅವರಿಗೂ ಖುಷಿಯೇ. ಒಂದು ವರ್ಷ ಕಾಲ ಮೂವತ್ತೆಂಟು ಎಂಬ ಅಂಕಿಗೆ ತಾನು ಕೂಗಿದ್ದನ್ನು ಐಲಿ ನೆನೆದಳು. ಸಭೆಗಳಲ್ಲಿ, ಊಟದ ಮೇಜುಗಳಲ್ಲಿ, ಅಪ್ಪನ ಗೋರಿಯ ಮುಂದೆ ಕೂಡ ಒಮ್ಮೆ.

“ಪೈ ಹಂಗೇ ಇದೆಯಲ್ಲ!” ನೊಯೆಮಿ ಬೂಟಿನ ಹಿಮ ಕುಟ್ಟುತ್ತ ಬಂದಳು. ಉಣ್ಣೆಯ ಟೋಪಿ ಹುಬ್ಬಿನವರೆಗೆ ಎಳೆದಿದ್ದಳು. “ಡ್ವೇನ್‌ಗೆ ಹೆದರಿ ಕಾವಲು ಕೂತಿದೀರಾ? ಅಜ್ಜಿ ಫೋನ್ ಮಾಡಿದ್ರು. ಪರೀಕ್ಷೆಗೆ ಹೊಸ ಶೂ ತಗೊಂಡ್ರಂತೆ. ಇಂಗ್ಲಿಷು ಒಂದು ಪದ ಬರಲ್ಲ, ಆದ್ರೂ ಮುಂದಿನ ಸಾಲಲ್ಲೇ ಕೂರ್ತೀನಿ ಅಂತಾರೆ. ಪರೀಕ್ಷಕರು ಮುಖ ಸಿಂಡರಿಸಿದ್ರೆ ಎದ್ದು ಬರ್ತೀನಿ ಅಂದಿದಾರೆ, ನೀವೇ ಹಿಡ್ಕೋಬೇಕು ಅವರನ್ನ.”

“ನೊಯೆಮಿ, ಒಂದು ನಿಮಿಷ ಪ್ರಯೋಗಾಲಯಕ್ಕೆ ಬಾ.”

“ಏನಾಯ್ತು? ಮೈ ಸರಿಯಿಲ್ವಾ?”

ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಗಾಜಿನ ಪರದೆಯ ಹಿಂದೆ ಪುಟ್ಟ ಪಾತ್ರೆಯಲ್ಲಿ ನೀರು, ಒಂದು ಬದಿಗೆ ಕಪ್ಪಗೆ ನಿಕ್ಕಲ್, ಎದುರಿಗೆ ಸುರುಳಿ ಸುತ್ತಿದ ತಂತಿ ಹೊಳೆಯುತ್ತಿತ್ತು. ಎಷ್ಟು ಸಲ ಇಲ್ಲಿ ನಿಂತಿದ್ದೇನೆ, ಅತಿಥಿಗಳನ್ನು ಕರೆತಂದು ಬೆರಳು ಮಾಡಿ ತೋರಿಸಿದ್ದೇನೆ ಎಂದುಕೊಂಡಳು ಐಲಿ. ಬೆರಳು ಮಾಡಿದ್ದು ಗುಳ್ಳೆಗಳ ಕಡೆಗೆ, ಕಣ್ಣೂ ಅಲ್ಲೇ ಇತ್ತು. ಜೇಬಿನಿಂದ ಡ್ವೇನ್ ಕೊಟ್ಟ ವರದಿಯ ಕಾಗದ ತೆಗೆದು ಕೊಟ್ಟಳು. ಹೇಗೆ ಆರಂಭಿಸಬೇಕೆಂದು ಮೆಟ್ಟಿಲು ಹತ್ತುವಾಗಿನಿಂದ ಕಟ್ಟಿಕೊಂಡಿದ್ದ ವಾಕ್ಯ ನೆನಪಿಗೆ ಬರಲಿಲ್ಲ. ಹುಡುಗಿ ಟೋಪಿ ತೆಗೆಯದೆ ನಿಂತೇ ಓದಿದಳು. ಇನ್ನೊಮ್ಮೆ ಓದಿದಳು. ಕಾಗದದಿಂದ ಕಣ್ಣೆತ್ತಿ ಗಾಜಿನ ಕಡೆ ನೋಡಿದಳು.

“ತಂತಿ,” ಎಂದಳು.

“ಹೌದು.”

“ನೀವು ಒಂದು ವಾರ ಅಂದಿದ್ರಿ.” ಅವಳ ಮುಖದ ಬಣ್ಣವೇ ಹೋಗಿತ್ತು. “ಹೊಸ ಕಡ್ಡಿ ಬಂದು ಎರಡು ವರ್ಷ ಆಯ್ತು, ಅಲ್ಲಿ ಮೇಲಿನ ಶೆಲ್ಫಲ್ಲಿ ಪೆಟ್ಟಿಗೇಲೇ ಇದೆ. ನಾನೇ ಬದಲಾಯಿಸ್ಲಿಲ್ಲ.”

“ಯಾಕೆ?” ಎಂದಳು ಐಲಿ. ಕೇಳಬಾರದಿತ್ತು, ಆದರೆ ನಿಜವಾಗಿಯೂ ತಿಳಿಯಬೇಕಾಗಿತ್ತು.

“ಅದು ನೀವು ಕೊಟ್ಟಿದ್ದು.” ಹುಡುಗಿ ನೆಲ ನೋಡಿದಳು. “ಅಂಥಾದ್ದನ್ನ ಯಾರೂ ನನ್ನ ಕೈಗೆ ಕೊಟ್ಟಿರ್ಲಿಲ್ಲ. ವಾಪಸ್ ಕೇಳ್ತೀರಿ, ಕೇಳ್ದಾಗ ಕೊಡೋಣ ಅಂತ ಕಾದೆ. ನೀವು ಕೇಳ್ಲಿಲ್ಲ. ಆಮೇಲೆ ಅಂಕಿ ಇಳೀತಾ ಬಂತು, ಚೆನ್ನಾಗಿ ನಡೀತಿರೋದನ್ನ ಯಾರು ಮುಟ್ತಾರೆ? ದಿನಾ ಸಾಯಂಕಾಲ ತೊಳೆದು, ಒರೆಸಿ, ಡಬ್ಬೀಲಿಟ್ಟು ಡ್ರಾಯರ್‌ಗೆ ಬೀಗ ಹಾಕ್ತಿದ್ದೆ. ಕಳೆದುಹೋದ್ರೆ ನಿಮಗೇನು ಹೇಳ್ಲಿ ಅಂತ.”

ಬೀಗ. ಐಲಿ ಮೇಜಿನ ಅಂಚು ಹಿಡಿದುಕೊಂಡಳು.

“ಎದುರಿಗೆ ಪ್ಲಾಟಿನಂ ಇಡಬಾರದು ಅಂತ ಪಾಠ ಹೇಳೋಳು ನಾನು. ಇಡು ಅಂತ ಕೊಟ್ಟೋಳೂ ನಾನು. ಲೇಖನದಲ್ಲಿ ಗ್ರಾಫೈಟ್ ಅಂತ ಬರೆದೋಳೂ ನಾನೇ. ಲೇಖನ ವಾಪಸ್ ತಗೋತಾ ಇದೀನಿ. ಪತ್ರದಲ್ಲಿ ಹಾಗೇ ಬರೀತೀನಿ, ಒಂದೊಂದೂ.”

“ಅದರ ಮೇಲೆ ಮೊದಲು ಇರೋದು ನನ್ನ ಹೆಸರು. ಬರೆದಿದ್ದನ್ನ ಓದಿ ಸರಿ ಅಂದೋಳು ನಾನು. ಅದರಲ್ಲಿ ಗ್ರಾಫೈಟ್ ಅಂತ ಇದ್ದದ್ದು ಕಣ್ಣಿಗೆ ಬಿದ್ರೂ ನನಗೇನೂ ಅನ್ನಿಸ್ಲಿಲ್ಲ. ನಾನೂ ರುಜು ಹಾಕ್ತೀನಿ.”

“ಬೇಡ.”

“ಹಾಕ್ತೀನಿ ಅಂದ್ರೆ ಹಾಕ್ತೀನಿ, ಐಲಿ. ತಪ್ಪಲ್ಲೂ ನನಗೆ ಪಾಲು ಕೊಡಲ್ವಾ?” ಎಂದಳು. “ಶುಕ್ರವಾರ ಆಗಲ್ಲ ಅಲ್ವಾ?”

“ಆಗಲ್ಲ. ಆ ಒಂದು ಅಧ್ಯಾಯ ತೆಗೆದು, ಮತ್ತೆ ಅಳತೆ ಮಾಡಿ, ಬೇಸಿಗೆ ಮುಗಿದ ಮೇಲೆ. ಮಾಂಟ್ರಿಯಲ್‌ನೋರ ಹತ್ತಿರ ನಾನೇ ಮಾತಾಡ್ತೀನಿ. ಕಾಯ್ತಾರೋ ಇಲ್ವೋ ಗೊತ್ತಿಲ್ಲ. ಕಾಯ್ತಾರೆ ಅಂತ ಸುಳ್ಳು ಹೇಳಲ್ಲ.”

ನೊಯೆಮಿ ತಲೆಯಾಡಿಸಿದಳು. ಅಜ್ಜಿಗೆ ಫೋನ್ ಮಾಡಬೇಕು ಎಂದಳು. ಕಣ್ಣೊರೆಸಿಕೊಂಡು, ನಗಲು ನೋಡಿ, ಶೂ ಅಂಗಡಿಗೆ ವಾಪಸ್ ಕೊಡೋಕೆ ಬಿಡಲ್ಲ ನಾನು ಎಂದಳು. ಐಲಿಗೆ ಅವಳನ್ನು ಎದೆಗೆ ಒತ್ತಿಕೊಳ್ಳಬೇಕೆನ್ನಿಸಿತು. ಇಲ್ಲಿಗೇ ಬಿಡಬಹುದಿತ್ತು. ಇಬ್ಬರೂ ತಪ್ಪಿನ ಭಾರ ಹೊರಲು ಒಬ್ಬರಿಗಿಂತ ಒಬ್ಬರು ಮುಂದೆ ಬಂದು ನಿಂತಿರುವ ಈ ಹೊತ್ತಿಗೆ ಅದರದೇ ಒಂದು ಚೆಲುವು ಇತ್ತು. ಸಂಜೆ ಪತ್ರ ಬರೆಯುವುದು, ಪೈ ಹಂಚಿಕೊಳ್ಳುವುದು, ಹುಡುಗಿ ಮುಂದೆಂದೋ ತನ್ನ ವಿದ್ಯಾರ್ಥಿಗಳಿಗೆ, ನಮ್ಮ ಐಲಿ ಎಂಥವರು ಗೊತ್ತೇ ಎಂದು ಹೇಳುವುದು. ಉಳಿದದ್ದು ಡ್ವೇನ್ ಒಬ್ಬನಿಗೆ ಗೊತ್ತು, ಅವನು ಬಾಯಿ ಬಿಡುವವನಲ್ಲ. ಆದರೆ ಆ ಹೊಗಳಿಕೆಯನ್ನು ಈಗಲೇ ಕೇಳಿಸಿಕೊಂಡವಳ ಹಾಗೆ ಐಲಿ ಮೇಜಿನ ಅಂಚು ಬಿಟ್ಟು ನೆಟ್ಟಗೆ ನಿಂತಳು.

“ಇನ್ನೊಂದಿದೆ,” ಎಂದಳು. “ಈ ಲೋಹದ ಪರೀಕ್ಷೆ ನಿನಗೆ ಗೊತ್ತಿಲ್ಲದ ಹಾಗೆ ಮಾಡಿಸಿದ್ದು. ಸೋಮವಾರ, ನೀನು ಹೋದ್ಮೇಲೆ ಚೂರು ಎತ್ಕೊಂಡು ಹೋದೆ. ನೀನು ಏನೋ ಬೆರೆಸಿದೀಯ ಅಂದ್ಕೊಂಡಿದ್ದೆ.”

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದು ಮುಖದಲ್ಲಿ ಕಂಡಿತು. ಆಗ ಅವಳು ಟೋಪಿ ತೆಗೆದಳು. ಕೂದಲೆಲ್ಲ ನಿಮಿರಿ ನಿಂತಿದ್ದವು, ಸರಿಮಾಡಿಕೊಳ್ಳಲಿಲ್ಲ.

“ಸೋಮವಾರದಿಂದ?”

“ಹೂಂ.”

“ಮಂಗಳವಾರ ನನ್ನ ಭಾಷಣ ಕೇಳಿ ಚೆನ್ನಾಗಿದೆ ಅಂದ್ರಿ.”

“ಅಂದೆ.”

“ಆಗ್ಲೂ?”

“ಆಗ್ಲೂ.”

ಎಲ್ಲೋ ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರು. ನೊಯೆಮಿ ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ಅವಳ ಬೆನ್ನು ಇಷ್ಟು ಸಣ್ಣದೆಂದು ಐಲಿ ಎಂದೂ ಗಮನಿಸಿರಲಿಲ್ಲ.

“ಇದನ್ನ ಹೇಳ್ದೆ ಇದ್ರೂ ನಡೀತಿತ್ತು,” ಎಂದಳು ಹುಡುಗಿ, ತಿರುಗದೆ. “ಯಾಕೆ ಹೇಳಿದ್ರಿ?”

ಜೇಬು, ಬಸ್ ಚೀಟಿ, ನೆಲಕ್ಕೆ ಉದುರಿದ ಬ್ರೆಡ್ಡಿನ ಪುಡಿ, ಎಲ್ಲ ನಾಲಿಗೆಯ ತುದಿಗೆ ಬಂತು. ಮೂವತ್ತೆಂಟು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇವಳು ತನ್ನ ನೋವನ್ನು ಬದಿಗಿಟ್ಟು ನನ್ನನ್ನು ಸಮಾಧಾನ ಮಾಡುತ್ತಾಳೆ, ಖಂಡಿತ ಮಾಡುತ್ತಾಳೆ. ಅದು ಅವಳ ನೋವನ್ನೂ ಕಸಿದುಕೊಂಡ ಹಾಗೆಯೇ. ಐಲಿ ನುಂಗಿಕೊಂಡಳು.

“ನಿನಗೆ ಗೊತ್ತಿರಬೇಕು ಅಂತ. ಬೇರೆ ಏನಿಲ್ಲ.”

“ನನಗೆ ಸಿಟ್ಟು ಬಂದಿದೆ.”

“ಬರ್ಲಿ.”

“ತುಂಬಾ ಬಂದಿದೆ. ಲೇಖನ ಹೋಯ್ತು, ಹೋಗ್ಲಿ. ಇದು ಹೋಗಲ್ಲ.”

“ಗೊತ್ತು.”

ಆಮೇಲೆ ನೊಯೆಮಿ ಮೂಗೊರೆಸಿಕೊಂಡು, ಸ್ಟೂಲು ಹತ್ತಿ, ಮೇಲಿನ ಶೆಲ್ಫಿನಿಂದ ಎರಡು ವರ್ಷದ ಧೂಳು ಹಿಡಿದ ಉದ್ದನೆಯ ಪೆಟ್ಟಿಗೆ ಇಳಿಸಿದಳು. ಎಂದೂ ಬಳಸದ ಗಾಜಿನ ಪಾತ್ರೆ ತೆಗೆದು ಮೂರು ಸಲ ತೊಳೆದಳು. ಹೊಸ ಆಮ್ಲ, ಹೊಸ ನೀರು, ಕಳೆದ ವಾರ ಮಾಡಿಟ್ಟು ಇನ್ನೂ ಮುಟ್ಟದ ನಿಕ್ಕಲ್ ತುಂಡು. ಎದುರಿಗೆ ಗ್ರಾಫೈಟ್ ಕಡ್ಡಿಯನ್ನು ಇಳಿಬಿಟ್ಟಳು. ಸಿಟ್ಟಿನಲ್ಲಿ ಕೆಲಸ ಮಾಡುವಾಗ ಅವಳ ಕೈ ಇನ್ನೂ ಚೊಕ್ಕ ಎಂದು ಐಲಿಗೆ ಕಂಡಿತು, ಆದರೆ ಅದನ್ನು ಹೇಳುವ ಹೊತ್ತಲ್ಲ.

“ಇಲ್ಲಿ ಅಂಕಿ ಬರೋ ಪರದೆ ಹತ್ತಿರಾನೇ ನಿಂತ್ಕೊಳಿ,” ಎಂದಳು ನೊಯೆಮಿ. ದನಿಯಲ್ಲಿ ಮೊನೆ ಇತ್ತು. “ಕಣ್ಣು ಬಿಟ್ಕೊಂಡು ನೋಡ್ತಾ ಇರಿ. ನಾಳೆ ಮತ್ತೆ ಡ್ವೇನ್ ಹತ್ರ ಓಡೋದು ಬೇಡ.”

ಐಲಿ ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ದಾಖಲೆಯ ಪುಸ್ತಕ ಎತ್ತಿಕೊಂಡು, ಸ್ಟೂಲನ್ನು ಬೆಂಚಿನ ಆಚೆ ತುದಿಗೆ ಎಳೆದು, ಅಂಕಿ ಮೂಡುವ ಪರದೆಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂತಳು. ತಾರೀಕು ಬರೆದಳು.

“ಅಲ್ಲಿಂದ ಏನೂ ಕಾಣಲ್ಲ ನಿಮಗೆ.”

“ನೀನು ಓದು. ನಾನು ಬರ್ಕೋತೀನಿ.”

ಈ ಹುಡುಗಿ ಈಗ ಬಾಯಿಗೆ ಬಂದ ಅಂಕಿ ಹೇಳಬಹುದು, ತೊಂಬತ್ತು ಎನ್ನಬಹುದು, ನೂರು ಎನ್ನಬಹುದು. ಒಂದು ಅಧ್ಯಾಯ, ಒಂದು ಕೆಲಸ, ಒಬ್ಬ ಅಜ್ಜಿಯ ಪ್ರಯಾಣ ಆ ಅಂಕಿಯಲ್ಲಿದೆ. ಐಲಿಯ ಕತ್ತು ತಿರುಗಲಿಲ್ಲ. ತಿರುಗಬೇಕೆಂದು ಅನ್ನಿಸಲೂ ಇಲ್ಲ. ಅದು ಗೊತ್ತಾಗಿ ಕಣ್ಣು ತುಂಬಿತು. ಗುಂಡಿ ಒತ್ತಿದ ಸದ್ದು, ಯಂತ್ರದ ಸಣ್ಣ ಗುಂಯ್. ನಾಲ್ಕು ನಿಮಿಷ.

“ಇನ್ನೂರ ಹದಿನಾಲ್ಕು,” ಎಂದಳು ನೊಯೆಮಿ.

ಐಲಿ ಬರೆದುಕೊಂಡಳು.

“ಬರ್ಕೊಂಡ್ರಾ?”

“ಬರ್ಕೊಂಡೆ. ಇನ್ನೂರ ಹದಿನಾಲ್ಕು.”

“ತಿರುಗಿ ನೋಡಲ್ವಾ?”

“ಇಲ್ಲ. ಮುಂದಿಂದು ಓದು.”

ಸ್ಟೂಲು ನೆಲಕ್ಕೆ ಉಜ್ಜಿದ ಸದ್ದಾಯಿತು, ಹುಡುಗಿ ಕೂತಳು. ಮತ್ತೆ ಗುಂಡಿ ಒತ್ತಿದಳು. ಈ ಸಲ ಅವಳ ದನಿ ಸ್ವಲ್ಪ ಹತ್ತಿರದಿಂದ ಬಂತು.

“ಇನ್ನೂರ ಹದಿನಾರು.”

ಐಲಿ ಅದನ್ನೂ ಕೆಳಗಿನ ಸಾಲಿನಲ್ಲಿ ಬರೆದಳು.